ಸಣ್ಣ ವ್ಯಾಪಾರಗಳಲ್ಲಿ ಕರೆ ವರ್ಗಾವಣೆ

ಕರೆ ವರ್ಗಾವಣೆ ಎಂದರೆ ಒಂದು ದೂರವಾಣಿ ಸಂಖ್ಯೆಗೆ ಬರುವ ಕರೆಯನ್ನು ದೂರವಾಣಿ ಜಾಲವೇ ತಾನಾಗಿ ಇನ್ನೊಂದು ಸಂಖ್ಯೆಗೆ ಕಳುಹಿಸುವ ವ್ಯವಸ್ಥೆ. ಬಳಕೆಯ ಮಾತಿನಲ್ಲಿ ಇದನ್ನು ಕಾಲ್ ಫಾರ್ವರ್ಡಿಂಗ್ ಅಥವಾ ಕಾಲ್ ಡೈವರ್ಟ್ ಎನ್ನುತ್ತಾರೆ. ಮಾತುಕತೆಯ ನಡುವೆ ಒಬ್ಬರು ಕರೆಯನ್ನು ಮತ್ತೊಬ್ಬರಿಗೆ ಕೊಡುವ ಕಾಲ್ ಟ್ರಾನ್ಸ್‌ಫರ್ ಇದಕ್ಕಿಂತ ಭಿನ್ನವಾದದ್ದು. ಕರೆ ವರ್ಗಾವಣೆಯಲ್ಲಿ ಯಾರೂ ಕರೆಯನ್ನು ಸ್ವೀಕರಿಸುವ ಮೊದಲೇ ಅದರ ದಾರಿ ಬದಲಾಗುತ್ತದೆ.

ಅಂಗಡಿ, ಮುದ್ರಣಾಲಯ, ಚಿಕಿತ್ಸಾಲಯ, ದುರಸ್ತಿ ಕೇಂದ್ರ ಮುಂತಾದ ಸಣ್ಣ ಉದ್ಯಮಗಳು ಫಲಕ, ರಸೀದಿ ಮತ್ತು ಜಾಹೀರಾತುಗಳಲ್ಲಿ ಒಂದೇ ಸಂಖ್ಯೆಯನ್ನು ಮುದ್ರಿಸಿರುತ್ತವೆ. ಆ ಸಂಖ್ಯೆಗೆ ಬಂದ ಕರೆಯನ್ನು ಮಾಲೀಕರು ಎಲ್ಲಿದ್ದರೂ ಸ್ವೀಕರಿಸಲು ಈ ಸೇವೆ ನೆರವಾಗುತ್ತದೆ. ಸೇವೆಯನ್ನು ಆಯ್ಕೆ ಮಾಡುವಾಗ ಮುಖ್ಯವಾಗಿ ಮೂರು ಸಂಗತಿಗಳನ್ನು ಪರಿಶೀಲಿಸಬೇಕಾಗುತ್ತದೆ: ಸಂಖ್ಯೆ ಯಾರ ಹೆಸರಿನಲ್ಲಿದೆ, ವರ್ಗಾವಣೆಯಾದ ಭಾಗದ ಶುಲ್ಕವನ್ನು ಯಾರು ತೆರುತ್ತಾರೆ ಮತ್ತು ಯಾರೂ ಉತ್ತರಿಸದಿದ್ದಾಗ ಕರೆ ಏನಾಗುತ್ತದೆ.

ಇತಿಹಾಸ

ವ್ಯಾಪಾರಕ್ಕೂ ಕರೆಯ ದಾರಿಗೂ ಇರುವ ಸಂಬಂಧ ಹಳೆಯದು. ದೂರವಾಣಿಯ ಆರಂಭಕಾಲದಲ್ಲಿ ವಿನಿಮಯ ಕೇಂದ್ರದ ನಿರ್ವಾಹಕರು ಪ್ರತಿ ಕರೆಯನ್ನೂ ಕೈಯಿಂದಲೇ ಜೋಡಿಸುತ್ತಿದ್ದರು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೋಜರ್, ನಿರ್ವಾಹಕರಿಲ್ಲದೆ ಕೆಲಸ ಮಾಡುವ ಸ್ವಯಂಚಾಲಿತ ಸ್ವಿಚ್ಚನ್ನು ರೂಪಿಸಿ 1891ರಲ್ಲಿ ಪೇಟೆಂಟ್ ಪಡೆದನು. ತನಗೆ ಬರಬೇಕಾದ ಕರೆಗಳನ್ನು ನಿರ್ವಾಹಕಿಯೊಬ್ಬಳು ಎದುರಾಳಿ ವ್ಯಾಪಾರಿಗೆ ಜೋಡಿಸುತ್ತಿದ್ದಳೆಂಬ ಅನುಮಾನವೇ ಈ ಶೋಧಕ್ಕೆ ಪ್ರೇರಣೆಯಾಯಿತು ಎಂಬ ಕಥೆ ಪ್ರಚಲಿತವಾಗಿದೆ. ಅವನ ವಿಧಾನವನ್ನು ಅನುಸರಿಸಿದ ಮೊದಲ ವಿನಿಮಯ ಕೇಂದ್ರ 1892ರಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್‌ನಲ್ಲಿ ಆರಂಭವಾಯಿತು.

ಯಾಂತ್ರಿಕ ಸ್ವಿಚ್ಚುಗಳಲ್ಲಿ ಒಬ್ಬ ಗ್ರಾಹಕನ ಕರೆಯ ದಾರಿಯನ್ನು ಆಗಾಗ ಬದಲಿಸುವುದು ಸುಲಭವಾಗಿರಲಿಲ್ಲ. ಗಣಕದ ಸ್ಮರಣೆಯಲ್ಲಿರುವ ಸೂಚನೆಗಳ ಮೇಲೆ ನಡೆಯುವ ವಿದ್ಯುನ್ಮಾನ ವಿನಿಮಯ ಕೇಂದ್ರಗಳು ಬಂದ ಮೇಲೆ ಇದು ಸಾಧ್ಯವಾಯಿತು. 1965ರಲ್ಲಿ ನ್ಯೂಜೆರ್ಸಿಯ ಸಕಸನ್ನಾದಲ್ಲಿ ಕಾರ್ಯಾರಂಭ ಮಾಡಿದ ಬೆಲ್ ಸಂಸ್ಥೆಯ ಕೇಂದ್ರವು ಈ ಬಗೆಯ ಮೊದಲ ದೊಡ್ಡ ಕೇಂದ್ರಗಳಲ್ಲಿ ಒಂದು.

ಭಾರತದಲ್ಲಿ ದೂರವಾಣಿ ಉಪಕರಣಗಳ ತಯಾರಿಕೆಗಾಗಿ 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ದೇಶೀಯ ಡಿಜಿಟಲ್ ವಿನಿಮಯ ಕೇಂದ್ರಗಳನ್ನು ರೂಪಿಸಿತು. ಅದರ ಮೊದಲ ಗ್ರಾಮೀಣ ಸ್ವಯಂಚಾಲಿತ ಕೇಂದ್ರವು 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿ ಆರಂಭವಾಯಿತು. 1995ರಲ್ಲಿ ದೇಶದಲ್ಲಿ ಮೊಬೈಲ್ ಸೇವೆ ಪ್ರಾರಂಭವಾಯಿತು. ಮೊಬೈಲ್ ಜಾಲಗಳ ಜಿಎಸ್‌ಎಂ ಮಾನದಂಡದಲ್ಲಿ ಕರೆ ವರ್ಗಾವಣೆಯು ಒಂದು ಪೂರಕ ಸೇವೆಯಾಗಿ ಸೇರಿದೆ.

ವಿಧಗಳು

ಮೊಬೈಲ್ ಜಾಲಗಳಲ್ಲಿ ಕರೆ ವರ್ಗಾವಣೆಯ ನಾಲ್ಕು ವಿಧಗಳಿವೆ. ಪ್ರತಿಯೊಂದಕ್ಕೂ ಒಂದು ಸೇವಾ ಸಂಕೇತವನ್ನು ನಿಗದಿಪಡಿಸಲಾಗಿದೆ.

1. ಷರತ್ತಿಲ್ಲದ ವರ್ಗಾವಣೆ, ಸಂಕೇತ 21: ಎಲ್ಲ ಕರೆಗಳೂ ನೇರವಾಗಿ ಎರಡನೆಯ ಸಂಖ್ಯೆಗೆ ಹೋಗುತ್ತವೆ. ಮೊದಲ ಫೋನ್ ರಿಂಗಣಿಸುವುದೇ ಇಲ್ಲ.

2. ಉತ್ತರಿಸದಿದ್ದಾಗ ವರ್ಗಾವಣೆ, ಸಂಕೇತ 61: ಮೊದಲ ಫೋನ್ ನಿಗದಿತ ಅವಧಿಯವರೆಗೆ ರಿಂಗಣಿಸಿದ ಮೇಲೆ ಕರೆ ಮುಂದಕ್ಕೆ ಹೋಗುತ್ತದೆ. ಈ ಅವಧಿಯನ್ನು 5ರಿಂದ 30 ಸೆಕೆಂಡುಗಳವರೆಗೆ ಐದೈದರ ಅಂತರದಲ್ಲಿ ಹೊಂದಿಸಲು ಮಾನದಂಡದಲ್ಲಿ ಅವಕಾಶವಿದೆ.

3. ಸಂಪರ್ಕಕ್ಕೆ ಸಿಗದಿದ್ದಾಗ ವರ್ಗಾವಣೆ, ಸಂಕೇತ 62: ಫೋನ್ ಸ್ವಿಚ್ ಆಫ್ ಆಗಿದ್ದಾಗ ಅಥವಾ ಸಿಗ್ನಲ್ ಇಲ್ಲದಿದ್ದಾಗ ಅನ್ವಯಿಸುತ್ತದೆ.

4. ಕಾರ್ಯನಿರತವಾಗಿದ್ದಾಗ ವರ್ಗಾವಣೆ, ಸಂಕೇತ 67: ಮೊದಲ ಫೋನಿನಲ್ಲಿ ಬೇರೊಂದು ಮಾತುಕತೆ ನಡೆಯುತ್ತಿರುವಾಗ ಅನ್ವಯಿಸುತ್ತದೆ.

ಕೊನೆಯ ಮೂರನ್ನು ಒಟ್ಟಾಗಿ ಷರತ್ತುಬದ್ಧ ವರ್ಗಾವಣೆ ಎನ್ನಲಾಗುತ್ತದೆ. ಮಾಲೀಕರು ಅಂಗಡಿಯಲ್ಲೇ ಇದ್ದು ಕೆಲವೊಮ್ಮೆ ಮಾತ್ರ ಕರೆ ತಪ್ಪುತ್ತಿದ್ದರೆ ಷರತ್ತುಬದ್ಧ ವರ್ಗಾವಣೆ ಸಾಕಾಗುತ್ತದೆ. ಅಂಗಡಿ ಮುಚ್ಚಿರುವ ದಿನಗಳಲ್ಲಿ ಷರತ್ತಿಲ್ಲದ ವರ್ಗಾವಣೆ ಸೂಕ್ತ. ಆದರೆ ಅದನ್ನು ರದ್ದುಗೊಳಿಸಲು ಮರೆತರೆ ಮೊದಲ ಫೋನಿನಲ್ಲಿ ತಪ್ಪಿದ ಕರೆಯ ದಾಖಲೆಯೂ ಉಳಿಯುವುದಿಲ್ಲವಾದ್ದರಿಂದ, ಕರೆಗಳು ಕೈತಪ್ಪುತ್ತಿರುವುದು ಬಹುಕಾಲ ಗಮನಕ್ಕೆ ಬಾರದೆ ಹೋಗಬಹುದು.

ಸೇವೆಯ ಮೂಲಗಳು

ದೂರವಾಣಿ ಕಂಪನಿಯ ಸೇವೆ: ಮೊಬೈಲ್ ಅಥವಾ ಸ್ಥಿರ ದೂರವಾಣಿಯ ಸೇವಾದಾರರೇ ಒದಗಿಸುವ ಸರಳ ವರ್ಗಾವಣೆ ಇದು. ಫೋನಿನ ಸೆಟ್ಟಿಂಗ್‌ಗಳ ಮೂಲಕ ಇದನ್ನು ಹೊಂದಿಸಬಹುದು. ಒಂದು ಸಮಯದಲ್ಲಿ ಒಂದು ಸಂಖ್ಯೆಗೆ ಮಾತ್ರ ಕರೆ ಹೋಗುವುದರಿಂದ, ಒಬ್ಬಿಬ್ಬರು ನಡೆಸುವ ವ್ಯಾಪಾರಗಳಿಗೆ ಇದು ಹೊಂದುತ್ತದೆ.

ಕ್ಲೌಡ್ ದೂರವಾಣಿ ಸೇವೆ: ಇದರಲ್ಲಿ ವ್ಯಾಪಾರಕ್ಕೆ ವರ್ಚುವಲ್ ಸಂಖ್ಯೆಯೊಂದು ದೊರೆಯುತ್ತದೆ. ಆ ಸಂಖ್ಯೆಗೆ ಸಿಮ್ ಕಾರ್ಡಾಗಲಿ ಪ್ರತ್ಯೇಕ ಫೋನಾಗಲಿ ಇರುವುದಿಲ್ಲ. ಕರೆ ಮೊದಲು ಸೇವಾ ಸಂಸ್ಥೆಯ ಗಣಕ ವ್ಯವಸ್ಥೆಗೆ ತಲುಪಿ, ಅಲ್ಲಿಂದ ಸಿಬ್ಬಂದಿಯ ಮೊಬೈಲುಗಳಿಗೆ ಹೋಗುತ್ತದೆ. ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂಬಂತಹ ಧ್ವನಿ ಸೂಚನೆ, ಸರದಿಯಂತೆ ಅಥವಾ ಏಕಕಾಲಕ್ಕೆ ಹಲವು ಫೋನುಗಳನ್ನು ರಿಂಗಣಿಸುವುದು, ಸಮಯಕ್ಕೆ ತಕ್ಕಂತೆ ದಾರಿ ಬದಲಿಸುವುದು, ಕರೆಗಳ ಪಟ್ಟಿ ಮತ್ತು ಧ್ವನಿಮುದ್ರಣ ಇದರ ಸೌಲಭ್ಯಗಳು. ಬೆಂಗಳೂರಿನ ಎಕ್ಸೋಟೆಲ್, ಹೈದರಾಬಾದಿನ ಓಝೋನ್‌ಟೆಲ್ ಈ ಕ್ಷೇತ್ರದ ಭಾರತೀಯ ಸಂಸ್ಥೆಗಳಿಗೆ ಉದಾಹರಣೆಗಳು.

ಶುಲ್ಕರಹಿತ ಸಂಖ್ಯೆ: 1800ರಿಂದ ಆರಂಭವಾಗುವ ಸಂಖ್ಯೆಗಳಿಗೆ ಮಾಡುವ ಕರೆಯ ವೆಚ್ಚವನ್ನು ವ್ಯಾಪಾರಿಯೇ ಭರಿಸುತ್ತಾನೆ. ಇವುಗಳಿಗೆ ಬಂದ ಕರೆಗಳೂ ಕೊನೆಗೆ ಸಾಮಾನ್ಯ ಸಂಖ್ಯೆಯೊಂದಕ್ಕೆ ವರ್ಗಾವಣೆಯಾಗುತ್ತವೆ. ಗ್ರಾಹಕರೆಲ್ಲ ಒಂದೇ ಊರಿನವರಾಗಿದ್ದು ಅವರ ಬಳಿ ಅನಿಯಮಿತ ಕರೆಯ ಯೋಜನೆಗಳಿದ್ದರೆ ಇದರಿಂದಾಗುವ ಹೆಚ್ಚುವರಿ ಪ್ರಯೋಜನ ಕಡಿಮೆ.

ಆಯ್ಕೆಯ ಮಾನದಂಡಗಳು

ಸಂಖ್ಯೆಯ ಒಡೆತನ: ಫಲಕದ ಮೇಲೆ ಬರೆಸಿದ ಸಂಖ್ಯೆ ವ್ಯಾಪಾರದ ಆಸ್ತಿಯಿದ್ದಂತೆ. ಅದು ಮಾಲೀಕರ ಅಥವಾ ಸಂಸ್ಥೆಯ ಹೆಸರಿನಲ್ಲಿ ನೋಂದಣಿಯಾಗಿದ್ದರೆ ಸೇವಾದಾರರನ್ನು ಬದಲಿಸಿದರೂ ಉಳಿಯುತ್ತದೆ. ಮೊಬೈಲ್ ಸಂಖ್ಯೆಯನ್ನು ಬದಲಿಸದೆ ಕಂಪನಿಯನ್ನು ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಜಾರಿಯಲ್ಲಿದೆ. ವರ್ಚುವಲ್ ಸಂಖ್ಯೆಯಾದರೆ ಅದನ್ನು ಸೇವಾ ಸಂಸ್ಥೆಯು ತನ್ನ ಹೆಸರಿನಲ್ಲಿ ಪಡೆದು ಬಾಡಿಗೆಗೆ ನೀಡಿರುವ ಸಾಧ್ಯತೆ ಇರುತ್ತದೆ. ಆಗ ಚಂದಾ ನಿಂತ ದಿನವೇ ಸಂಖ್ಯೆಯೂ ಕೈತಪ್ಪಬಹುದು. ಒಪ್ಪಂದ ಮುಗಿದ ಮೇಲೆ ಸಂಖ್ಯೆಯನ್ನು ಬಿಟ್ಟುಕೊಡುವರೇ ಎಂಬುದನ್ನು ಬರಹದಲ್ಲಿ ಪಡೆಯುವುದು ಒಳಿತು. ಹಳೆಯ ಸಂಖ್ಯೆಯನ್ನು ತನ್ನಲ್ಲೇ ಇಟ್ಟುಕೊಂಡು, ಅದರಿಂದ ವರ್ಚುವಲ್ ಸಂಖ್ಯೆಗೆ ಕರೆ ವರ್ಗಾಯಿಸುವುದು ಸುರಕ್ಷಿತವಾದ ಮಧ್ಯದ ದಾರಿ. ಹಾಗೆ ಮಾಡುವಾಗ ಹಳೆಯ ಸಿಮ್ ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳಬೇಕು. ರೀಚಾರ್ಜ್ ಇಲ್ಲದೆ ಬಹುಕಾಲ ಬಳಕೆಯಾಗದ ಪ್ರೀಪೇಯ್ಡ್ ಸಂಖ್ಯೆ ಸ್ಥಗಿತಗೊಂಡು ಮುಂದೆ ಬೇರೆಯವರ ಪಾಲಾಗಬಹುದು.

ವೆಚ್ಚ: ವರ್ಗಾವಣೆಯಾದ ಕರೆಗೆ ಎರಡು ಭಾಗಗಳಿವೆ. ಗ್ರಾಹಕನಿಂದ ವ್ಯಾಪಾರದ ಸಂಖ್ಯೆಯವರೆಗಿನ ಭಾಗದ ಶುಲ್ಕ ಕರೆ ಮಾಡಿದವನದು. ಅಲ್ಲಿಂದ ಎರಡನೆಯ ಸಂಖ್ಯೆಯವರೆಗಿನ ಭಾಗವು ವರ್ಗಾವಣೆ ಮಾಡಿಸಿಕೊಂಡವರ ಹೊರಹೋಗುವ ಕರೆಯಾಗಿ ಪರಿಗಣಿತವಾಗುತ್ತದೆ. ಅನಿಯಮಿತ ಕರೆಯ ಯೋಜನೆಯಲ್ಲಿ ವರ್ಗಾವಣೆಯಾದ ಕರೆಗಳೂ ಸೇರಿವೆಯೇ ಎಂಬುದನ್ನು ಕೇಳಿ ತಿಳಿಯಬೇಕು. ಮಾಲೀಕರು ವಿದೇಶಕ್ಕೆ ಹೋದಾಗ ಈ ಎಚ್ಚರ ಇನ್ನೂ ಮುಖ್ಯ. ಕ್ಲೌಡ್ ಸೇವೆಗಳಲ್ಲಿ ಮಾಸಿಕ ಅಥವಾ ವಾರ್ಷಿಕ ಬಾಡಿಗೆ, ನಿಮಿಷದ ದರ, ಬಳಕೆದಾರರ ಸಂಖ್ಯೆಗೆ ತಕ್ಕ ಶುಲ್ಕ ಮತ್ತು ತೆರಿಗೆ ಪ್ರತ್ಯೇಕವಾಗಿರಬಹುದು. ಆದ್ದರಿಂದ ಜಾಹೀರಾತಿನ ದರವನ್ನು ನೋಡುವ ಬದಲು, ಒಂದು ತಿಂಗಳ ನಿಜವಾದ ಕರೆಗಳ ಲೆಕ್ಕದ ಮೇಲೆ ಒಟ್ಟು ವೆಚ್ಚವನ್ನು ಹೋಲಿಸಬೇಕು.

ಉತ್ತರಿಸದ ಕರೆ: ಭಾರತದಲ್ಲಿ ಉತ್ತರಿಸದ ಕರೆ ಮೊಬೈಲಿನಲ್ಲಿ 30 ಸೆಕೆಂಡು, ಸ್ಥಿರ ದೂರವಾಣಿಯಲ್ಲಿ 60 ಸೆಕೆಂಡು ರಿಂಗಣಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ನಿಗದಿಪಡಿಸಿತು. ಮೊದಲ ಫೋನು ಪೂರ್ಣ ಅವಧಿ ರಿಂಗಣಿಸಿದ ಮೇಲೆ ಎರಡನೆಯದು ರಿಂಗಣಿಸಲು ಆರಂಭಿಸಿದರೆ, ಅಷ್ಟರಲ್ಲಿ ಗ್ರಾಹಕ ಕರೆಯನ್ನು ಕಡಿದು ಬೇರೆ ಅಂಗಡಿಗೆ ಕರೆ ಮಾಡಿರುತ್ತಾನೆ. ಕಾಯುವ ಅವಧಿಯನ್ನು 15 ಸೆಕೆಂಡಿನಷ್ಟಕ್ಕೆ ಇಳಿಸುವುದು ಇದಕ್ಕೆ ಸರಳ ಪರಿಹಾರ. ಎರಡನೆಯವರೂ ಉತ್ತರಿಸದಿದ್ದರೆ ಕರೆ ಮೂರನೆಯವರಿಗೆ ಹೋಗುವುದೋ, ಧ್ವನಿಸಂದೇಶಕ್ಕೆ ಹೋಗುವುದೋ, ಅಥವಾ ಮಾಲೀಕರಿಗೆ ಎಸ್‌ಎಂಎಸ್ ಬರುವುದೋ ಎಂಬುದನ್ನು ಮೊದಲೇ ನಿರ್ಧರಿಸಬೇಕು. ಮಿಸ್ಡ್ ಕಾಲ್ ಕೊಟ್ಟು ಮರುಕರೆಗೆ ಕಾಯುವ ರೂಢಿ ಇರುವ ಕಡೆ ತಪ್ಪಿದ ಕರೆಗಳ ಪಟ್ಟಿಗೆ ವಿಶೇಷ ಮಹತ್ವವಿದೆ.

ಸಂಖ್ಯೆಯ ಗೋಚರತೆ: ಸಾಮಾನ್ಯ ವರ್ಗಾವಣೆಯಲ್ಲಿ ಎರಡನೆಯ ಫೋನಿನ ಮೇಲೆ ಗ್ರಾಹಕನ ಸಂಖ್ಯೆಯೇ ಕಾಣಿಸುವುದು ವಾಡಿಕೆ. ಆಗ ಅದು ವ್ಯಾಪಾರದ ಕರೆಯೋ ಸ್ವಂತದ ಕರೆಯೋ ಎಂದು ಗುರುತಿಸುವುದು ಕಷ್ಟ. ಕೆಲವು ಕ್ಲೌಡ್ ಸೇವೆಗಳಲ್ಲಿ ವರ್ಚುವಲ್ ಸಂಖ್ಯೆ ಕಾಣಿಸಿ ಗ್ರಾಹಕನ ಸಂಖ್ಯೆ ಆ್ಯಪ್‌ನಲ್ಲಿ ಮಾತ್ರ ದೊರೆಯುತ್ತದೆ. ಮರುಕರೆ ಮಾಡುವಾಗ ಸಿಬ್ಬಂದಿಯ ಸ್ವಂತ ಸಂಖ್ಯೆ ಗ್ರಾಹಕನಿಗೆ ಕಾಣುವುದೇ ಎಂಬುದೂ ಪರಿಶೀಲನೆಗೆ ಅರ್ಹ. ಕೆಲಸಗಾರರ ಸ್ವಂತ ಸಂಖ್ಯೆ ಗ್ರಾಹಕರಲ್ಲಿ ಹರಡಿದರೆ, ಅವರು ಕೆಲಸ ಬಿಟ್ಟಾಗ ಗ್ರಾಹಕರ ಸಂಪರ್ಕವೂ ಅವರೊಡನೆ ಹೋಗಬಹುದು.

ಮಿತಿಗಳು

ಕರೆ ವರ್ಗಾವಣೆಯು ಜಾಲದ ಧ್ವನಿ ಕರೆಗಳಿಗೆ ಸೀಮಿತ. ಎಸ್‌ಎಂಎಸ್ ಸಂದೇಶಗಳು ಮತ್ತು ವಾಟ್ಸಾಪ್ ಕರೆಗಳು ಇದರಿಂದ ವರ್ಗಾವಣೆಯಾಗುವುದಿಲ್ಲ. ಬ್ಯಾಂಕಿನ ಸಂದೇಶಗಳು ಬರುವ ಸಿಮ್ ಕಾರ್ಡನ್ನು ಅಂಗಡಿಯಲ್ಲೇ ಬಿಟ್ಟು, ವರ್ಗಾವಣೆಯನ್ನು ನಂಬಿ ಹೊರಟವರಿಗೆ ಇದರಿಂದ ತೊಂದರೆಯಾಗುವುದುಂಟು. ಕ್ಲೌಡ್ ಸೇವೆಯ ಆ್ಯಪ್ ಅಂತರಜಾಲವನ್ನು ಅವಲಂಬಿಸಿದ್ದರೆ, ಸಂಪರ್ಕ ದುರ್ಬಲವಾದ ಊರುಗಳಲ್ಲಿ ಸಾಮಾನ್ಯ ಮೊಬೈಲ್ ಕರೆಯಾಗಿಯೇ ತಲುಪಿಸುವ ಸೇವೆ ಮೇಲು.

ಸುರಕ್ಷತೆ

ಕರೆಯ ದಾರಿಯನ್ನು ಬದಲಿಸುವ ಸೌಲಭ್ಯ ವಂಚಕರಿಗೂ ಸಾಧನವಾಗಿದೆ. ದೂರವಾಣಿ ಕಂಪನಿಯವರೆಂದೋ ಪಾರ್ಸೆಲ್ ತಲುಪಿಸುವವರೆಂದೋ ಹೇಳಿಕೊಂಡು ಕರೆ ಮಾಡಿ, *401* ಎಂದು ಆರಂಭವಾಗಿ ಹತ್ತು ಅಂಕಿಗಳ ಸಂಖ್ಯೆಯಿರುವ ಕೋಡೊಂದನ್ನು ಒತ್ತಲು ಸೂಚಿಸುವುದು ಅವರ ಒಂದು ವಿಧಾನ. ಒತ್ತಿದೊಡನೆ ಬಲಿಪಶುವಿನ ಕರೆಗಳೆಲ್ಲ ವಂಚಕನ ಫೋನಿಗೆ ಹೋಗುತ್ತವೆ. ಬ್ಯಾಂಕ್ ಅಥವಾ ವಾಟ್ಸಾಪ್ ಖಾತೆಯ ದೃಢೀಕರಣ ಸಂಖ್ಯೆಯನ್ನು ಧ್ವನಿ ಕರೆಯ ಮೂಲಕ ತರಿಸಿಕೊಂಡು ಅವನು ಖಾತೆಯನ್ನೇ ವಶಪಡಿಸಿಕೊಳ್ಳಬಹುದು. ವ್ಯಾಪಾರದ ಸಂಖ್ಯೆಯಾದರೆ ಗ್ರಾಹಕರೂ ಅವನ ಬಲೆಗೆ ಬೀಳುವ ಅಪಾಯವಿದೆ.

ಈ ದುರುಪಯೋಗವನ್ನು ತಡೆಯಲು ಭಾರತದ ದೂರಸಂಪರ್ಕ ಇಲಾಖೆಯು 2024ರ ಏಪ್ರಿಲ್ 15ರಿಂದ ಯುಎಸ್‌ಎಸ್‌ಡಿ ಆಧಾರಿತ ಕರೆ ವರ್ಗಾವಣೆಯನ್ನು ಮುಂದಿನ ಆದೇಶದವರೆಗೆ ಸ್ಥಗಿತಗೊಳಿಸುವಂತೆ ಕಂಪನಿಗಳಿಗೆ ಆದೇಶಿಸಿತು. ಆದ್ದರಿಂದ ಯಾವ ವಿಧಾನ ಲಭ್ಯವಿದೆ ಎಂಬುದನ್ನು ಆಯಾ ಸೇವಾದಾರರಿಂದಲೇ ತಿಳಿಯಬೇಕು. ಜಿಎಸ್‌ಎಂ ಮಾನದಂಡದಂತೆ *#21# ಎಂಬ ಕೋಡ್ ಷರತ್ತಿಲ್ಲದ ವರ್ಗಾವಣೆಯ ಸ್ಥಿತಿಯನ್ನು ತೋರಿಸುತ್ತದೆ. ##002# ಎಂಬುದು ಎಲ್ಲ ಬಗೆಯ ವರ್ಗಾವಣೆಗಳನ್ನೂ ರದ್ದುಗೊಳಿಸುತ್ತದೆ. ಹಣಕಾಸಿನ ವಂಚನೆಯಾದಲ್ಲಿ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕೂಡಲೇ ದೂರು ನೀಡಬಹುದು.

ಕರೆಗಳ ಧ್ವನಿಮುದ್ರಣ ಮತ್ತು ಗ್ರಾಹಕರ ಸಂಖ್ಯೆಗಳ ಪಟ್ಟಿ ವೈಯಕ್ತಿಕ ಮಾಹಿತಿಯ ವ್ಯಾಪ್ತಿಗೆ ಸೇರುತ್ತವೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗಾಗಿ ಭಾರತದಲ್ಲಿ 2023ರಲ್ಲಿ ಕಾಯಿದೆ ರೂಪುಗೊಂಡಿದೆ. ಮುದ್ರಣವಾಗುತ್ತಿರುವುದನ್ನು ಕರೆಯ ಆರಂಭದಲ್ಲೇ ತಿಳಿಸುವುದು ಮತ್ತು ದಾಖಲೆಗಳು ಎಷ್ಟು ಕಾಲ ಉಳಿಯುತ್ತವೆ ಎಂಬುದನ್ನು ಸೇವಾ ಸಂಸ್ಥೆಯಿಂದ ತಿಳಿಯುವುದು ವ್ಯಾಪಾರಿಯ ಹೊಣೆ.

ಪರೀಕ್ಷೆ

ಹೊಸ ಸಂಖ್ಯೆಯನ್ನು ಫಲಕ ಮತ್ತು ರಸೀದಿಗಳಲ್ಲಿ ಮುದ್ರಿಸುವ ಮೊದಲು ಕೆಲವು ದಿನ ಪರೀಕ್ಷಿಸುವುದು ಸೂಕ್ತ. ಬೇರೆ ಬೇರೆ ಕಂಪನಿಗಳ ಮೊಬೈಲುಗಳಿಂದಲೂ ಸ್ಥಿರ ದೂರವಾಣಿಯಿಂದಲೂ ಕರೆ ಮಾಡಿ ನೋಡಬೇಕು. ವ್ಯಾಪಾರದ ಫೋನ್ ಕಾರ್ಯನಿರತವಾಗಿದ್ದಾಗ, ಸ್ವಿಚ್ ಆಫ್ ಆಗಿದ್ದಾಗ ಮತ್ತು ಉತ್ತರಿಸದೆ ಬಿಟ್ಟಾಗ ಕರೆ ಎಲ್ಲಿಗೆ ತಲುಪುತ್ತದೆ ಎಂಬುದನ್ನು ಒಂದೊಂದಾಗಿ ಗಮನಿಸಬೇಕು. ಸಿಬ್ಬಂದಿ ಬದಲಾದಾಗಲೆಲ್ಲ ವರ್ಗಾವಣೆಯ ಸಂಖ್ಯೆಯನ್ನು ಮರುಪರಿಶೀಲಿಸದಿದ್ದರೆ, ಕೆಲಸ ಬಿಟ್ಟು ಹೋದವರ ಫೋನಿಗೇ ಗ್ರಾಹಕರ ಕರೆಗಳು ಮುಂದೆಯೂ ಹೋಗುತ್ತಿರುತ್ತವೆ.