ತೇಲುವಿಕೆ ನಿಯಂತ್ರಕ ಜಾಕೆಟ್

ತೇಲುವಿಕೆ ನಿಯಂತ್ರಕ ಜಾಕೆಟ್ (ಬಿ.ಸಿ.ಡಿ.) ಎಂಬುದು ಸ್ಕೂಬಾ ಮುಳುಗುಗಾರರು ಧರಿಸುವ, ಗಾಳಿಚೀಲವುಳ್ಳ ಸಾಧನ. ಇದು ಸಿಲಿಂಡರನ್ನು ಬೆನ್ನಿಗೆ ಹಿಡಿದಿಡುತ್ತದೆ, ಮೇಲ್ಮೈಯಲ್ಲಿ ತೇಲಿಸುತ್ತದೆ, ಆಳದಲ್ಲಿ ಸಮತೋಲ ಕಾಯುತ್ತದೆ.

ಕಾರ್ಯವಿಧಾನ

10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯಲ್ಲಿರುವುದರ ಸುಮಾರು ಇಮ್ಮಡಿ. ಆದುದರಿಂದ ಬಾಯ್ಲನ ನಿಯಮದಂತೆ ಇಳಿಯುವಾಗ ಚೀಲದ ಗಾಳಿ ಕುಗ್ಗುತ್ತದೆ, ಏರುವಾಗ ಹಿಗ್ಗುತ್ತದೆ. ಹಿಗ್ಗಿದ ಗಾಳಿಯನ್ನು ಹೊರಬಿಡದಿದ್ದರೆ ಮುಳುಗುಗಾರನು ರಭಸದಿಂದ ಮೇಲೇರಿ, ಶ್ವಾಸಕೋಶಕ್ಕೆ ಗಾಯವಾಗುವ ಅಪಾಯವಿದೆ.

ಆಯ್ಕೆ

ಹೊಸಬರಲ್ಲಿ ಮೈಸುತ್ತುವ ಜಾಕೆಟ್ ಮಾದರಿಯು ರೂಢಿಯಲ್ಲಿದೆ. ಮೇಲ್ಮೈಯಲ್ಲಿ ಇದು ದೇಹವನ್ನು ನೆಟ್ಟಗೆ ನಿಲ್ಲಿಸುತ್ತದೆ. ಚೀಲವು ಬೆನ್ನಿಗಷ್ಟೇ ಇರುವ ಮಾದರಿಯಲ್ಲಿ ನೀರೊಳಗೆ ಅಡ್ಡಲಾಗಿ ಈಜುವುದು ಸುಲಭವಾದರೂ, ಮೇಲ್ಮೈಯಲ್ಲಿ ದೇಹವು ಮುಂದಕ್ಕೆ ವಾಲಬಹುದು. ಕೊಳ್ಳುವ ಮೊದಲು ಜಾಕೆಟನ್ನು ವೆಟ್‌ಸೂಟಿನ ಮೇಲೆ ತೊಟ್ಟು, ಪೂರ್ತಿ ಗಾಳಿ ತುಂಬಿ ಪರೀಕ್ಷಿಸಬೇಕು: ಉಸಿರು ಬಿಗಿಯಬಾರದು, ಜಾಕೆಟ್ ಕಿವಿಯತ್ತ ಮೇಲೇರಬಾರದು, ಗಾಳಿ ಹೊರಬಿಡುವ ಕವಾಟಗಳು ನೋಡದೆಯೇ ಕೈಗೆಟುಕಬೇಕು.