ಕರೆಂಟಿನ ನಾದ: ಮುಚ್ಚಿದ ಪೆಟ್ಟಿಗೆ, ಬಿಚ್ಚಿದ ಪೆಟ್ಟಿಗೆ

ಊರಿನ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತರೆ ಗುಂಯ್ ಅನ್ನುವ ಒಂದೇ ಸಮನೆ ಸದ್ದು ಕೇಳುತ್ತದಲ್ಲ? ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತುಯ್ಯುತ್ತದೆ. ಟ್ರಾನ್ಸ್‌ಫಾರ್ಮರ್ ಒಳಗಿನ ತಗಡು ಅದರ ಎರಡರಷ್ಟು, ಅಂದರೆ 100 ಸಲ ಅದುರುತ್ತದೆ. ನಮ್ಮ ಕಿವಿಗೆ ಆ ಅದುರುವಿಕೆಯೇ ಒಂದು ಸ್ವರ. ಕರೆಂಟಿನ ಈ ತುಯ್ದಾಟವನ್ನು ಬೇಕಾದ ಹಾಗೆ ಪಳಗಿಸಿ ಸ್ಪೀಕರಿಗೆ ಕೊಟ್ಟರೆ ಅದು ವಾದ್ಯವಾಗುತ್ತದೆ. ಆ ವಾದ್ಯದ ಹೆಸರು ಸಿಂಥಸೈಸರ್.

ಇದು ದೂರದ ದೇಶದವರ ಆಟಿಕೆ, ಹುಣಸೂರು, ಪಿರಿಯಾಪಟ್ಟಣದವರಿಗೆ ಇದರಿಂದ ಏನಾಗಬೇಕು ಎನ್ನಬೇಡಿ. ಇದರ ಚರಿತ್ರೆ ನಮ್ಮ ಜಿಲ್ಲೆಯನ್ನೂ ಮುಟ್ಟಿಕೊಂಡೇ ಹೋಗಿದೆ.

ಮೈಸೂರಿನ ಒಂದು ಮನೆಯಲ್ಲಿ

1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದರು. 'ಆಕಾಶವಾಣಿ' ಎಂಬ ಹೆಸರು ನಂಟಾಗಿದ್ದು ಆ ನಿಲಯಕ್ಕೆ. ಅವರು ಎಂಜಿನಿಯರ್ ಆಗಿರಲಿಲ್ಲ, ಮೇಷ್ಟ್ರು. ಆದರೂ ಪೆಟ್ಟಿಗೆಯನ್ನು ಮನೆಗೆ ತಂದು ಕೆಲಸಕ್ಕೆ ಹಚ್ಚಿದರು.

ರೇಡಿಯೊ ಪ್ರಸಾರ ಯಂತ್ರದ ಹೃದಯ ಆಸಿಲೇಟರ್, ಅಂದರೆ ಕರೆಂಟನ್ನು ಲೆಕ್ಕ ತಪ್ಪದೆ ತುಯ್ಯಿಸುವ ಭಾಗ. ಸಿಂಥಸೈಸರಿನ ಹೃದಯವೂ ಅದೇ. ರಷ್ಯಾದ ಲೆವ್ ತೆರೆಮಿನ್ 1920ರ ಸುಮಾರಿಗೆ ರೇಡಿಯೊ ಭಾಗಗಳಿಂದಲೇ ಕೈ ತಾಗಿಸದೆ ನುಡಿಸುವ ವಾದ್ಯ ಮಾಡಿದ್ದ. ಹುಡುಗನಾಗಿದ್ದಾಗ ಆ ವಾದ್ಯವನ್ನು ಜೋಡಿಸುತ್ತಾ ಕಲಿತ ಅಮೆರಿಕದ ರಾಬರ್ಟ್ ಮೂಗ್, 1964ರಲ್ಲಿ ಮಾಡ್ಯುಲರ್ ಸಿಂಥಸೈಸರ್ ತಂದ. ಸ್ವರ ಹುಟ್ಟಿಸಲು ಒಂದು ಭಾಗ, ಸೋಸಲು ಒಂದು, ಏರಿಸಿ ಇಳಿಸಲು ಇನ್ನೊಂದು. ಇವನ್ನು ವೈರಿನಿಂದ ನಾವೇ ಜೋಡಿಸಬೇಕು, ಜೋಡಿಸದಿದ್ದರೆ ಸದ್ದೇ ಇಲ್ಲ.

ಅಹಮದಾಬಾದಿನಲ್ಲಿ ಮಲಗಿದ ಟೇಪುಗಳು

ಅಂಥ ಒಂದು ಮೂಗ್ ಯಂತ್ರ 1969ರಲ್ಲಿ ಭಾರತಕ್ಕೆ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಅದನ್ನು ಕೂರಿಸಿದರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮ, ಜಿನರಾಜ್ ಜೋಶಿಪುರ ಅದರಲ್ಲಿ ಹೊಸ ನಾದ ಹುಡುಕಿದರು. ಗೀತಾ ಅವರು 1946ರಲ್ಲೇ ನ್ಯೂಯಾರ್ಕಿಗೆ ಹೋಗಿ, ಜಾನ್ ಕೇಜ್ ಅವರಿಗೆ ನಮ್ಮ ಸಂಗೀತ ಹೇಳಿಕೊಟ್ಟು ಅವರ ಸಂಗೀತ ಕಲಿತು ಬಂದವರು.

ಅಲ್ಲಿನ ಕೆಲಸ ನಡೆದದ್ದು ಕೆಲವೇ ವರ್ಷ. ಟೇಪುಗಳು ಸಂಸ್ಥೆಯ ದಾಸ್ತಾನಿನಲ್ಲಿ ದಶಕಗಟ್ಟಲೆ ಮಲಗಿದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವನ್ನು ಹುಡುಕಿ ತೆಗೆದ ಮೇಲೆ, 1969ರಿಂದ 1972ರವರೆಗಿನ ಧ್ವನಿಮುದ್ರಣಗಳು 2023ರಲ್ಲಿ ಹೊರಬಂದವು. ಯಂತ್ರ ಇತ್ತು, ಪ್ರತಿಭೆ ಇತ್ತು. ಆದರೆ ವಿದ್ಯೆ ಆ ಕೋಣೆಯ ಬಾಗಿಲು ದಾಟಿ ಊರೂರಿಗೆ ಹರಡಲಿಲ್ಲ.

ಭಜನೆ ಮನೆಗೆ ಬಂದ ಪೆಟ್ಟಿಗೆ

ಹರಡಿದ್ದು ಬೆಂಗಳೂರಿನ ಇನ್ನೊಂದು ಪೆಟ್ಟಿಗೆ. ಎಲೆಕ್ಟ್ರಾನಿಕ್ಸ್ ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಲು ಹೊರಟರು. ಅವರ ರೇಡೆಲ್ ಸಂಸ್ಥೆಯಿಂದ ತಂಬೂರ, ತಬಲಾ ಪೆಟ್ಟಿಗೆಗಳೂ ಬಂದವು. ಹಾಡುವವರ ಕಷ್ಟ ತಿಳಿದವರು ಮಾಡಿದ್ದರಿಂದ ಅದು ಹಾಡುವವರ ಮನೆ ಸೇರಿತು. ಇವತ್ತು ಭಜನೆ ಮನೆಯ ಮೂಲೆಯಲ್ಲಿ ಸ-ಪ ಹಿಡಿದು ಕೂರುವ ಇಂಥ ಪೆಟ್ಟಿಗೆಯೂ ಒಂದು ಬಗೆಯ ಸಿಂಥಸೈಸರೇ. ಆದರೆ ಮುಚ್ಚಿದ ಪೆಟ್ಟಿಗೆ. ಶ್ರುತಿ ಬದಲಿಸಬಹುದು, ಒಳಗಿನ ದಾರಿ ಬದಲಿಸಲಾಗದು.

ಆರ್ಕೆಸ್ಟ್ರಾ ಕೀಬೋರ್ಡೂ ಹಾಗೆಯೇ. ಅದರ ನೂರಾರು ನಾದಗಳನ್ನು ಯಾವುದೋ ಕಾರ್ಖಾನೆಯಲ್ಲಿ ಯಾರೋ ಆರಿಸಿ ಇಟ್ಟಿರುತ್ತಾರೆ. ನಮ್ಮ ಹಬ್ಬದಲ್ಲಿ ಯಾವ ಸದ್ದು ಮೊಳಗಬೇಕು ಅನ್ನೋದನ್ನ ನಮ್ಮನ್ನು ಕಾಣದವರು ತೀರ್ಮಾನಿಸಿದ ಹಾಗಾಯಿತು. ಕೀಬೋರ್ಡಿನ ಮಣೆಗಳ ನಡುವೆ ಜಾರಲು ಆಗದು ಎಂಬ ತಕರಾರು ಹಾರ್ಮೋನಿಯಂ ಕಾಲದ್ದು. ಗಮಕ ಬಾರದು ಎಂಬ ವಾದಕ್ಕೆ ಆಲ್ ಇಂಡಿಯಾ ರೇಡಿಯೊ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು.

ನಡುವಿನ ದಾರಿ

ಪೂರ್ತಿ ಮಾಡ್ಯುಲರ್ ಯಂತ್ರ ಹೊಸಬರಿಗೆ ಕಾಡು. ಪೂರ್ತಿ ಮುಚ್ಚಿದ ಪೆಟ್ಟಿಗೆ ಏನೂ ಕಲಿಸದು. ಇವೆರಡರ ನಡುವೆ ಹುಟ್ಟಿದ್ದು ಸೆಮಿ-ಮಾಡ್ಯುಲರ್. 1971ರ ಎಆರ್‌ಪಿ 2600, 1978ರ ಕೋರ್ಗ್ ಎಂಎಸ್-20 ಹಳೆಯ ಹೆಸರುಗಳು. 2015ರ ಮೂಗ್ ಮದರ್-32, 2016ರ ಮೇಕ್ ನಾಯ್ಸ್ ಝೀರೋ-ಕೋಸ್ಟ್ ಈಚಿನವು.

ಕೆ.ಆರ್. ನಗರದ ನಾಲೆ ಕಂಡವರಿಗೆ ಇದು ಸುಲಭ. ನಾಲೆಯಿಂದ ತೂಬು, ತೂಬಿನಿಂದ ಕಾಲುವೆ, ಕಾಲುವೆಯಿಂದ ಗದ್ದೆ, ನೀರಿಗೆ ದಾರಿ ಮೊದಲೇ ಇದೆ. ಬೇಕಾದಾಗ ಮಣ್ಣು ಕಟ್ಟಿ ಪಕ್ಕದ ಗದ್ದೆಗೆ ತಿರುಗಿಸಬಹುದು. ಸೆಮಿ-ಮಾಡ್ಯುಲರ್‌ನಲ್ಲೂ ಒಳಗೆ ವೈರಿನ ದಾರಿ ಮೊದಲೇ ಇರುತ್ತದೆ, ಮಣೆ ಒತ್ತಿದ ಕೂಡಲೇ ಸದ್ದು ಬರುತ್ತದೆ. ಹೊರಗಿನ ತೂತಿಗೆ ಒಂದು ವೈರು ಚುಚ್ಚಿದರೆ ಹಳೆಯ ದಾರಿ ಕಡಿದು ಹೊಸ ದಾರಿ ತೆರೆಯುತ್ತದೆ. ವೈರು ಕಿತ್ತರೆ ಮತ್ತೆ ಮೊದಲಿನಂತೆ. ಕಲಿಯುವವರಿಗೆ ಇದೇ ಧೈರ್ಯ.

ಒಳಗಿನ ಭಾಗಗಳೂ ನಮಗೆ ಹೊಸದಲ್ಲ. ಎನ್ವಲಪ್ ಎಂಬ ಭಾಗ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ನಿನಂತೆ. ಶಾಖ ಎಷ್ಟು ಬೇಗ ಏರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಇಳಿಯಬೇಕು ಎಂದು ರೈತ ನಿಗಾ ಇಡುವ ಹಾಗೆ, ಸದ್ದಿನ ಏರು, ನಿಲುವು, ಇಳಿತವನ್ನು ಅದು ನೋಡಿಕೊಳ್ಳುತ್ತದೆ. ಜರಡಿಯ ಕೆಲಸ ಫಿಲ್ಟರಿನದು. ಸುರಿಮಳೆಯಂಥ ನಾಯ್ಸ್ ಸದ್ದಿಗೆ ತಟ್ಟನೆ ಏರಿ ತಟ್ಟನೆ ಇಳಿಯುವ ಎನ್ವಲಪ್ ಕೊಟ್ಟರೆ ಚರ್ಮವಾದ್ಯದ ಪೆಟ್ಟು ಸಿಗುತ್ತದೆ. ಬೆಂಕಿಗೆ ಹಿಡಿದು ತಮಟೆ ಬಿಗಿ ಮಾಡುವವನಿಗೆ ಯಾವ ಪೆಟ್ಟು ಸರಿ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಸ್ವರದ ಲೆಕ್ಕವೂ ಸರಳ. ಇಂಥ ಬಹುಪಾಲು ಯಂತ್ರಗಳಲ್ಲಿ ಒಂದು ವೋಲ್ಟ್ ಹೆಚ್ಚಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಸೆಕೆಂಡಿಗೆ 240 ಸಲ ಅದುರುವ ಷಡ್ಜ 480ಕ್ಕೆ ಹೋಗಿ ತಾರಷಡ್ಜವಾಗುತ್ತದೆ. ನಡುವೆ ಮೆಟ್ಟಿಲಿಲ್ಲ, ಇಳಿಜಾರು. ಹಾಗಾಗಿ ಜಾರಿಕೆಯೂ ಗಮಕವೂ ಇದಕ್ಕೆ ಒಲಿಯುತ್ತವೆ.

ಖರ್ಚು ಸಣ್ಣದಲ್ಲ, ಹತ್ತಾರು ಸಾವಿರ ರೂಪಾಯಿಯ ಮಾತು. ಒಬ್ಬರಿಂದ ಆಗದ್ದನ್ನು ಒಂದು ಭಜನಾ ಮಂಡಳಿಯೋ ಯುವಕ ಸಂಘವೋ ಸೇರಿ ಮಾಡಬಹುದು. ಅದಕ್ಕೂ ಮೊದಲು ಕಂಪ್ಯೂಟರ್ ಇರುವ ಕಡೆ, 2017ರಲ್ಲಿ ಬಂದ ವಿಸಿವಿ ರ‍್ಯಾಕ್ ಎಂಬ ಉಚಿತ ತಂತ್ರಾಂಶದಲ್ಲಿ ಪರದೆಯ ಮೇಲೆಯೇ ವೈರು ಎಳೆದು ಕಲಿಯಬಹುದು.

ಕಲಿಯಲು ಕೂತರೆ ಮೊದಲ ಪಾಠ ಹೀಗಿರಲಿ. ಆಸಿಲೇಟರ್ ಒಂದನ್ನೇ ಇಟ್ಟುಕೊಂಡು, ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರೊಬ್ಬರ ತಂಬೂರಿಯ ಪಕ್ಕ ಕೂರಿ. ಗುಬುಟನ್ನು ಮೆಲ್ಲಗೆ ತಿರುಗಿಸಿ. ಶ್ರುತಿ ಹತ್ತಿರ ಬಂದಾಗ ಎರಡೂ ಸದ್ದಿನ ನಡುವೆ ವ್ವಂ ವ್ವಂ ಎಂಬ ಅಲೆ ಏಳುತ್ತದೆ. ಇನ್ನೂ ಹತ್ತಿರವಾದಂತೆ ಅಲೆ ನಿಧಾನವಾಗುತ್ತದೆ, ಸರಿಯಾಗಿ ಕೂಡಿದಾಗ ನಿಲ್ಲುತ್ತದೆ. ಯಾವಾಗ ನಿಂತಿತು ಎಂದು ಪಕ್ಕದಲ್ಲಿರುವ ಹಿರಿಯರನ್ನೇ ಕೇಳಿ. ಯಂತ್ರದ ಹೆಸರು ಅವರಿಗೆ ಗೊತ್ತಿರದಿರಬಹುದು, ಆದರೆ ಶ್ರುತಿ ಸೇರಿತೋ ಇಲ್ಲವೋ ಎಂಬುದನ್ನು ಅವರ ಕಿವಿ ಆ ಗಳಿಗೆಯಲ್ಲೇ ಹೇಳುತ್ತದೆ.