ಅಸಂಗತಕ್ಕೊಂದು ಹಳೆಯ ಸಂಗತಿ

ಮೈಸೂರಿನ ಮಂಡಕಳ್ಳಿಯಲ್ಲಿ 2010ರಲ್ಲಿ ವಿಮಾನ ನಿಲ್ದಾಣದ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಮುಂದೆ, ರನ್‌ವೇ ಇದ್ದೂ ವಿಮಾನವಿಲ್ಲದ ಕಾಲ ಬಂತು. ಇಂಥದಕ್ಕೆ ಸಾಹಿತ್ಯದ ಗೀಳಿರುವ ಮೈಸೂರಿಗರ ಬಾಯಿಗೆ ಥಟ್ಟನೆ ಬರುವ ಮಾತು 'ಅಸಂಗತ'.

ಸಂಸ್ಕೃತದಲ್ಲಿ ಸಂಗತ ಎಂದರೆ ಕೂಡಿಬಂದದ್ದು, ಹೊಂದಿಕೊಂಡದ್ದು. ಅದರ ಸೋದರಿ 'ಸಂಗತಿ' ಕನ್ನಡಕ್ಕೆ ಬಂದು ಜಗಲಿಯ ಮೇಲೆ ಕೂತುಬಿಟ್ಟಳು: 'ಏನ್ರೀ ಸಂಗತಿ?' ಸಂಗೀತಗಾರರಿಗೆ ಸಂಗತಿಯೆಂದರೆ ಪಲ್ಲವಿಯ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವುದು. 'ಅಸಂಗತ' ಮಾತ್ರ ತರ್ಕದವರ, ವಕೀಲರ ಬಳಿಯೇ ಉಳಿದಿತ್ತು. ಕಾಮೂ, ಬೆಕೆಟ್, ಅಯನೆಸ್ಕೋ ನಮ್ಮಲ್ಲಿಗೆ ಬಂದಾಗ 'ಅಬ್ಸರ್ಡ್' ಎಂಬುದಕ್ಕೆ ಈ ಪದವನ್ನೇ ಎಳೆದು ತಂದರು. ಎನ್. ರತ್ನ ಅವರ 'ಎಲ್ಲಿಗೆ?', ಚಂದ್ರಶೇಖರ ಪಾಟೀಲರ 'ಕೊಡೆಗಳು' ಅಸಂಗತ ನಾಟಕಗಳೆನಿಸಿದವು. ಲ್ಯಾಟಿನ್ನಿನಲ್ಲಿ 'ಅಬ್ಸರ್ಡ್'ನ ಮೂಲಪದಕ್ಕೆ ಶ್ರುತಿ ತಪ್ಪಿದ್ದು ಎಂಬರ್ಥ. ಅದರೊಳಗಿನ 'ಸರ್ಡಸ್' ಎಂದರೆ ಕಿವುಡು. ರತ್ನ ಅವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ನಿರ್ದೇಶಕರಾಗಿದ್ದವರು. ಕಾಕತಾಳೀಯವೇ ಇರಲಿ, ಎಷ್ಟು ಸೊಗಸು!

ಆದರೆ ಅಸಂಗತದ ಇನ್ನೊಂದು ಮನೆತನ ನಮಗೆ ಮರೆತೇಹೋಗಿದೆ. ಅಲಂಕಾರಶಾಸ್ತ್ರದಲ್ಲಿ 'ಅಸಂಗತಿ' ಎಂಬ ಅಲಂಕಾರವಿದೆ: ಕಾರಣ ಒಂದು ಕಡೆ, ಕಾರ್ಯ ಇನ್ನೊಂದು ಕಡೆ. ಹದಿನಾರನೆಯ ಶತಮಾನದ ಅಪ್ಪಯ್ಯ ದೀಕ್ಷಿತರು 'ಕುವಲಯಾನಂದ'ದಲ್ಲಿ ಕೊಡುವ ಉದಾಹರಣೆಯಲ್ಲಿ ವಿಷ ಕುಡಿಯುವುದು ಮೋಡ, ಮೂರ್ಛೆ ಹೋಗುವುದು ಗಂಡ ದೂರದಲ್ಲಿರುವ ಹೆಂಗಸರು. ವಿಷ ಎಂದರೆ ನೀರೂ ಹೌದು, ಶ್ಲೇಷೆಯ ಚಮತ್ಕಾರ. ಇಲ್ಲಿ ಅರ್ಥಕ್ಕೇನೂ ಬರವಿಲ್ಲ. ಅದು ತಲುಪಬೇಕಾದವರನ್ನು ಬಿಟ್ಟು ಬೇರೆಯವರ ಮೇಲೆ ಬೀಳುತ್ತದೆ.

ನಮ್ಮ ನವ್ಯ ಕತೆಗಳಿಗೆ ಕಾಮೂ ಹೇಳಿದ ಅರ್ಥಶೂನ್ಯತೆಗಿಂತ ಈ ಅಳತೆಯೇ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಎಣಿಕೆ. ಮೈಸೂರಿನಲ್ಲೇ 1929ರಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಹೇಳಿದ ಎ. ಕೆ. ರಾಮಾನುಜನ್ನರ 'ಅಣ್ಣಯ್ಯನ ಮಾನವಶಾಸ್ತ್ರ' ನೋಡಿ. ಷಿಕಾಗೋದಲ್ಲಿರುವ ಅಣ್ಣಯ್ಯ, ಹಿಂದೂ ಆಚರಣೆಗಳ ಬಗ್ಗೆ ಅಮೆರಿಕದವನೊಬ್ಬ ಬರೆದ ಪುಸ್ತಕ ತಿರುವುತ್ತಿದ್ದಾನೆ. ಶವಸಂಸ್ಕಾರದ ಚಿತ್ರವೊಂದು ಬರುತ್ತದೆ. ನೋಡಿದರೆ, ತನ್ನಪ್ಪನ ಹೆಣ. ಇನ್ನಷ್ಟು ಪುಟ ಮಗುಚಿದರೆ ತಲೆ ಬೋಳಿಸಿಕೊಂಡ ವಿಧವೆ, ಅವನ ತಾಯಿ. ಮನೆಯವರು ಸುದ್ದಿಯನ್ನೇ ತಿಳಿಸಿರಲಿಲ್ಲ. ಸಾವು ಊರಿನಲ್ಲಿ, ಸಿಡಿಲು ಸಾಗರದಾಚೆ. ಅದೂ ಕಾಗದದಲ್ಲಲ್ಲ, ಟೆಲಿಗ್ರಾಮಿನಲ್ಲಲ್ಲ, ಅಚ್ಚಾದ ಪುಸ್ತಕದಲ್ಲಿ.

ನವ್ಯದ ಕತೆಗಳೆಲ್ಲ ಕಾಫ್ಕಾನ ಪಡಿಯಚ್ಚು ಎಂದು ಮೂಗು ಮುರಿಯುವವರು ಇದನ್ನು ಯಾವ ಕಪಾಟಿನಲ್ಲಿಡುತ್ತಾರೋ ಕಾಣೆ. ಇಲ್ಲಿ ಯಾರೂ ಕಾಫ್ಕಾನ ಕತೆಯಲ್ಲಿನಂತೆ ಬೆಳಗಾಗುವಷ್ಟರಲ್ಲಿ ಹುಳುವಾಗುವುದಿಲ್ಲ. ಆ ಫೋಟೋಗಳನ್ನು ತೆಗೆದವನೂ ಹೊರಗಿನವನಲ್ಲ, ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಅಣ್ಣಯ್ಯನದೇ ನೆಂಟ ಸುಂದರರಾಯ.